ಅರ್ಥ ಹೇಳುವ ಅಧಿಕಾರ ಯಾರದು?

ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿಂದ ಪೊಟೊಮ್ಯಾಕ್ ನದಿ ದಾಟಿ ತುಸು ದಕ್ಷಿಣಕ್ಕೆ ಹೋದರೆ ಅಲೆಕ್ಸಾಂಡ್ರಿಯಾ ಎಂಬ ಹಳೆಯ ಪಟ್ಟಣ ಸಿಗುತ್ತದೆ. ಅಲ್ಲಿನ ಫಸ್ಟ್ ಬ್ಯಾಪ್ಟಿಸ್ಟ್ ಚರ್ಚ್ 1803ರಷ್ಟು ಹಳೆಯದು. 2024ರ ಜೂನ್ 11ರಂದು ಇಂಡಿಯಾನಾಪೊಲಿಸ್‌ನಲ್ಲಿ ಸೇರಿದ್ದ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ನಿನ ವಾರ್ಷಿಕ ಮಹಾಸಭೆ ಈ ಚರ್ಚನ್ನು ತನ್ನ ಒಕ್ಕೂಟದಿಂದ ಹೊರಹಾಕಿತು. ಹೊರಹಾಕಿ ಎಂದವರು 6,759 ಮಂದಿ, ಬೇಡ ಎಂದವರು 563 ಮಂದಿ. ಚರ್ಚಿನ ಲೆಕ್ಕಪತ್ರದಲ್ಲಿ ದೋಷವಿರಲಿಲ್ಲ, ಯೇಸುವಿನ ಬಗ್ಗೆ ಅದು ಬೇರೆ ಬೋಧನೆಯನ್ನೇನೂ ಮಾಡಿರಲಿಲ್ಲ. ಅಲ್ಲಿ ಒಬ್ಬ ಹೆಂಗಸು ಪಾಸ್ಟರ್ ಆಗಿ ಕೆಲಸ ಮಾಡುತ್ತಿದ್ದರು, ಮುಖ್ಯ ಪಾಸ್ಟರ್ ಹುದ್ದೆಗೂ ಹೆಂಗಸರು ಬರಬಹುದು ಎಂದು ಆ ಚರ್ಚ್ ಬಹಿರಂಗವಾಗಿ ಹೇಳುತ್ತಿತ್ತು. ಇದಿಷ್ಟೇ ತಪ್ಪು. ಮರುದಿನ ಅದೇ ಸಭೆಯ ಮುಂದೆ ಇನ್ನೊಂದು ಪ್ರಸ್ತಾಪ ಬಂತು: ಯಾವ ದರ್ಜೆಯ ಪಾಸ್ಟರ್ ಆದರೂ ಗಂಡಸೇ ಆಗಿರಬೇಕು ಎಂದು ಒಕ್ಕೂಟದ ಸಂವಿಧಾನದಲ್ಲೇ ಬರೆದುಬಿಡೋಣ ಎಂದು. ಅದಕ್ಕೆ ಮೂರರಲ್ಲಿ ಎರಡು ಪಾಲು ಮತ ಬೇಕಿತ್ತು, ಸಿಕ್ಕಿದ್ದು ಸುಮಾರು ಶೇ. 61. ಪ್ರಸ್ತಾಪ ಬಿದ್ದುಹೋಯಿತು. 2025ರಲ್ಲಿ ಡಲ್ಲಾಸ್‌ನಲ್ಲಿ ಮತ್ತೆ ಬಂತು, ಮತ್ತೆ ಹೆಚ್ಚುಕಡಿಮೆ ಅಷ್ಟೇ ಮತಕ್ಕೆ ನಿಂತುಹೋಯಿತು.

ಧರ್ಮಶ್ರದ್ಧೆಯೂ ಹೆಣ್ಣು ಗಂಡು ಸಮಾನ ಎಂಬ ಮಾತೂ ಒಂದೇ ಸೂರಿನಡಿ ಬಾಳಬಲ್ಲವೇ ಎಂಬ ಪ್ರಶ್ನೆಗೆ ಈ ಎರಡು ದಿನಗಳ ಮತದಾನ ಒಳ್ಳೆಯ ಪ್ರವೇಶದ್ವಾರ. ಆ ಸಭಾಂಗಣದಲ್ಲಿ ಇದ್ದವರೆಲ್ಲ ಒಂದೇ ದೇವರನ್ನು ನಂಬುವವರು, ಒಂದೇ ಬೈಬಲನ್ನು ತಪ್ಪಿಲ್ಲದ್ದೆಂದು ಒಪ್ಪುವವರು. ಹೊರಹಾಕಿಸಿಕೊಂಡ ಚರ್ಚಿನವರೂ ಅದೇ ಗ್ರಂಥ ಹಿಡಿದೇ ವಾದಿಸಿದರು. ನಂಬಿಕೆಯಿಂದಲೇ ಉತ್ತರ ತಾನಾಗಿ ಹುಟ್ಟುವುದಾಗಿದ್ದರೆ ಅಲ್ಲಿ ಮತದಾನವೇ ಬೇಕಿರಲಿಲ್ಲ. ವಾಷಿಂಗ್ಟನ್, ಕ್ಯಾರೊಲೈನಾಗಳು, ಅಟ್ಲಾಂಟಾ ಸುತ್ತಲಿನ ಇನ್ನೂರು ವರ್ಷದ ಇತಿಹಾಸ ನನಗೆ ತೋರಿಸುವುದು ಇದನ್ನು: ಸಮಾನತೆಯ ಹಾದಿಗೆ ಅಡ್ಡ ನಿಂತದ್ದು ದೇವರ ಮೇಲಿನ ನಂಬಿಕೆಗಿಂತ ಹೆಚ್ಚಾಗಿ, ಗ್ರಂಥ ಓದಿ ಅರ್ಥ ಹೇಳುವ, ಪೀಠದಲ್ಲಿ ಕೂತು ತೀರ್ಪು ಕೊಡುವ ಅಧಿಕಾರ ಒಂದೇ ಗುಂಪಿನ ಕೈಯಲ್ಲಿ ಉಳಿದದ್ದು. ಆ ಅಧಿಕಾರ ಹಂಚಿಹೋದ ಕಡೆಯೆಲ್ಲ ಶ್ರದ್ಧೆಯೂ ಉಳಿದಿದೆ, ಸಮಾನತೆಯೂ ಬಂದಿದೆ.

ಸದರ್ನ್ ಬ್ಯಾಪ್ಟಿಸ್ಟರ ಒಕ್ಕೂಟ ಹುಟ್ಟಿದ್ದು 1845ರಲ್ಲಿ, ಜಾರ್ಜಿಯಾದ ಅಗಸ್ಟಾದಲ್ಲಿ. ಗುಲಾಮರನ್ನು ಇಟ್ಟುಕೊಂಡವರನ್ನು ಮಿಷನರಿಗಳಾಗಿ ಕಳಿಸಬಹುದೇ ಎಂಬ ಜಗಳದಲ್ಲಿ ಉತ್ತರದವರಿಂದ ಸಿಡಿದು ಬಂದವರು ಇದನ್ನು ಕಟ್ಟಿದರು. ಗುಲಾಮಗಿರಿ ದೇವರಿಗೆ ಒಪ್ಪಿತ ಎನ್ನಲು ಅಂದಿನ ಬೋಧಕರು ತೆರೆದು ತೋರಿಸುತ್ತಿದ್ದ ಪುಟಗಳಲ್ಲಿ ಒಂದು, ಸಂತ ಪೌಲನ ಹೆಸರಿನಲ್ಲಿರುವ ಎಫೆಸದವರಿಗೆ ಬರೆದ ಪತ್ರಿಕೆ. ಅದರ ಆರನೆಯ ಅಧ್ಯಾಯದ ಐದನೆಯ ವಚನ ದಾಸರು ತಮ್ಮ ಯಜಮಾನರ ಮಾತು ಕೇಳಬೇಕೆನ್ನುತ್ತದೆ. ಅಲ್ಲಿಂದ ಒಂದು ಪುಟ ಹಿಂದಕ್ಕೆ ಮಗುಚಿದರೆ ಐದನೆಯ ಅಧ್ಯಾಯದ 22ನೆಯ ವಚನ, ಹೆಂಡತಿ ಗಂಡನಿಗೆ ಅಧೀನಳಾಗಿರಬೇಕು ಎನ್ನುವುದು. ನಡುವೆ ಇರುವುದು ಒಂದೆರಡು ಡಜನ್ ಸಾಲುಗಳಷ್ಟೆ. ಒಂದೇ ಕಾಗದ, ಒಂದೇ ಸಂಸಾರಧರ್ಮದ ಪಟ್ಟಿ: ಗಂಡ ಹೆಂಡತಿ, ತಂದೆ ಮಕ್ಕಳು, ಒಡೆಯ ಆಳು. 1995ರಲ್ಲಿ ಅಟ್ಲಾಂಟಾದಲ್ಲಿ ತನ್ನ 150ನೆಯ ವರ್ಷ ಆಚರಿಸಿದಾಗ ಒಕ್ಕೂಟ ಗುಲಾಮಗಿರಿಯನ್ನು ಬೆಂಬಲಿಸಿದ್ದಕ್ಕಾಗಿ ಕಪ್ಪು ಜನರ ಕ್ಷಮೆ ಕೇಳಿತು. ಬಹಳ ತಡವಾಗಿ ಆದರೂ ಕೇಳಬೇಕಾದ ಕ್ಷಮೆಯೇ ಅದು. ಅದಾಗಿ ಮೂರೇ ವರ್ಷಕ್ಕೆ, 1998ರಲ್ಲಿ, ಅದೇ ಒಕ್ಕೂಟ ತನ್ನ ನಂಬಿಕೆಯ ಪ್ರಣಾಳಿಕೆಗೆ ಹೊಸ ವಿಧಿಯೊಂದನ್ನು ಸೇರಿಸಿತು: ಹೆಂಡತಿ ಗಂಡನ ನಾಯಕತ್ವಕ್ಕೆ ಮನಸಾರೆ ಅಧೀನಳಾಗಿರಬೇಕು. ಆಧಾರ, ಎಫೆಸದವರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯ. ಆರನೆಯ ಅಧ್ಯಾಯದ ಮಾತು ಆ ಕಾಲದ ಸಮಾಜಕ್ಕೆ ಸೇರಿದ್ದು, ಐದನೆಯದು ಸರ್ವಕಾಲಕ್ಕೂ ಎಂದು ಗೆರೆ ಎಳೆದದ್ದು ಗ್ರಂಥವಲ್ಲ, ಗ್ರಂಥ ಹಿಡಿದ ಕೈ. 22ರ ಮೊದಲಿನ 21ನೆಯ ವಚನ ಎಲ್ಲರೂ ಒಬ್ಬರಿಗೊಬ್ಬರು ತಗ್ಗಿ ನಡೆಯಿರಿ ಎನ್ನುತ್ತದೆ ಎಂಬುದನ್ನೂ ಓದುಗರು ಗಮನಿಸಬೇಕು.

ಇದಕ್ಕೆ ಸಂಪ್ರದಾಯಸ್ಥರು ಕೊಡುವ ಮೊದಲ ಉತ್ತರ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಕಾಲ ಬದಲಾದಂತೆಲ್ಲ ಗ್ರಂಥದ ಅರ್ಥವನ್ನೂ ಬದಲಿಸುತ್ತ ಹೋದರೆ ಧರ್ಮಕ್ಕೆ ಸ್ವಂತ ಬೆನ್ನೆಲುಬು ಎಲ್ಲಿ ಉಳಿಯಿತು, ಹೊರಗಿನ ಫ್ಯಾಷನ್ನಿಗೆ ಒಳಗಿನವರು ತಲೆಬಾಗಿದ ಹಾಗಾಗಲಿಲ್ಲವೇ ಎಂದು ಅವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು, ಆದರೆ ಇತಿಹಾಸ ಅದರ ಕಡೆಗಿಲ್ಲ. ಸದರ್ನ್ ಬ್ಯಾಪ್ಟಿಸ್ಟ್ ಚರ್ಚೊಂದು ಮೊದಲ ಬಾರಿಗೆ ಹೆಂಗಸೊಬ್ಬರಿಗೆ ಪಾದ್ರಿ ದೀಕ್ಷೆ ಕೊಟ್ಟದ್ದು 1964ರ ಆಗಸ್ಟ್ 9ರಂದು, ನಾರ್ತ್ ಕ್ಯಾರೊಲೈನಾದ ಡರ್ಹಮ್ಮಿನ ವಾಟ್ಸ್ ಸ್ಟ್ರೀಟ್ ಚರ್ಚಿನಲ್ಲಿ. ದೀಕ್ಷೆ ಪಡೆದವರು ಆ್ಯಡಿ ಡೇವಿಸ್, ಅದೇ ರಾಜ್ಯದ ವೇಕ್ ಫಾರೆಸ್ಟಿನಲ್ಲಿ ಒಕ್ಕೂಟದ್ದೇ ದೇವಶಾಸ್ತ್ರ ಶಾಲೆಯಲ್ಲಿ ಓದಿದವರು. ಆಗ ಜಾರಿಯಲ್ಲಿದ್ದ 1963ರ ಪ್ರಣಾಳಿಕೆಯಲ್ಲಿ ಪಾಸ್ಟರ್ ಗಂಡಸೇ ಆಗಿರಬೇಕು ಎಂಬ ಮಾತೇ ಇರಲಿಲ್ಲ, 1925ರದ್ದರಲ್ಲೂ ಇರಲಿಲ್ಲ. 1984ರಲ್ಲಿ ಒಕ್ಕೂಟ ಒಂದು ನಿರ್ಣಯ ಮಾಡಿತು: ಸೃಷ್ಟಿಯಲ್ಲಿ ಗಂಡು ಮೊದಲು, ಏದೆನ್ ತೋಟದಲ್ಲಿ ಪಾಪಕ್ಕೆ ಬಿದ್ದವರಲ್ಲಿ ಹೆಣ್ಣು ಮೊದಲು, ಆದ್ದರಿಂದ ಆಕೆಗೆ ಪಾಸ್ಟರ್ ಹುದ್ದೆ ಸಲ್ಲದು ಎಂದು. ಪ್ರಣಾಳಿಕೆಯಲ್ಲಿ ಅದು ನಿಯಮವಾಗಿ ಬಂದದ್ದು 2000ದಲ್ಲಿ. ಎಂದರೆ ನಿಷೇಧವೇ ದೀಕ್ಷೆಗಿಂತ 36 ವರ್ಷ ಕಿರಿಯದು. ಅನಾದಿ ಎಂದು ಹೇಳಿಕೊಳ್ಳುವ ಎಷ್ಟೋ ನಿಯಮಗಳ ಜಾತಕ ತೆಗೆದು ನೋಡಿದರೆ ಹೀಗೇ ಇರುತ್ತದೆ. ಇನ್ನು ಆ್ಯಡಿ ಡೇವಿಸ್ ಅವರಿಗೆ ಬೈಗುಳದ ಕಾಗದಗಳು ಬಂದವು, ದಕ್ಷಿಣದ ಒಂದು ಚರ್ಚೂ ಅವರನ್ನು ಕರೆಯಲಿಲ್ಲ, ಕೊನೆಗೆ ದೂರದ ವರ್ಮಾಂಟಿನಲ್ಲಿ ಬೇರೆ ಬ್ಯಾಪ್ಟಿಸ್ಟ್ ಪಂಗಡದ ಚರ್ಚೊಂದಕ್ಕೆ ಹೋಗಿ ಸೇವೆ ಮಾಡಿದರು.

ಫ್ಯಾಷನ್ ಎಂಬ ಮಾತಿಗೆ ಇನ್ನೂ ಗಟ್ಟಿ ಉತ್ತರ ಸೌತ್ ಕ್ಯಾರೊಲೈನಾದ ಚಾರ್ಲ್ಸ್‌ಟನ್ನಿನಲ್ಲಿದೆ. ಅಲ್ಲಿನ ದೊಡ್ಡ ನ್ಯಾಯಾಧೀಶರ ಮನೆಯಲ್ಲಿ 1792ರಲ್ಲಿ ಹುಟ್ಟಿದವಳು ಸಾರಾ ಗ್ರಿಮ್ಕಿ, 1805ರಲ್ಲಿ ಹುಟ್ಟಿದವಳು ತಂಗಿ ಆ್ಯಂಜಲೀನಾ. ಮನೆ ತುಂಬ ಗುಲಾಮರು. ಸಾರಾಗೆ ಅಣ್ಣನಂತೆ ಲ್ಯಾಟಿನ್, ಕಾನೂನು ಓದುವ ಆಸೆ, ತಂದೆ ಬಿಡಲಿಲ್ಲ. ಗುಲಾಮರಿಗೆ ಅಕ್ಷರ ಕಲಿಸುವುದಂತೂ ಕಾನೂನಿಗೇ ವಿರುದ್ಧ. ರಾತ್ರಿ ತನ್ನ ತಲೆ ಬಾಚಲು ಬರುತ್ತಿದ್ದ ಗುಲಾಮ ಹುಡುಗಿಗೆ ಸಾರಾ ಕದ್ದು ಕಲಿಸುತ್ತಿದ್ದಳು: ದೀಪ ಆರಿಸಿ, ಬೀಗದ ಕಿಂಡಿಗೆ ಮರೆ ಮಾಡಿ, ಇಬ್ಬರೂ ಅಗ್ಗಿಷ್ಟಿಕೆಯ ಮುಂದೆ ಹೊಟ್ಟೆಯ ಮೇಲೆ ಮಲಗಿ, ಬೆಂಕಿಯ ಬೆಳಕಿನಲ್ಲಿ ಕಾಗುಣಿತದ ಪುಸ್ತಕ ಹರಡಿಕೊಂಡು. ಮುಂದೆ ಅಕ್ಕತಂಗಿಯರು ಊರು ಬಿಟ್ಟು ಫಿಲಡೆಲ್ಫಿಯಾಕ್ಕೆ ಹೋಗಿ ಕ್ವೇಕರ್ ಪಂಥ ಸೇರಿದರು, ಗುಲಾಮಗಿರಿಯ ವಿರುದ್ಧ ಊರೂರು ಸುತ್ತಿ ಮಾತನಾಡಿದರು. ಹೆಂಗಸು ಗಂಡಸರ ಸಭೆಯಲ್ಲಿ ಮಾತನಾಡುವುದು ಅಧರ್ಮ ಎಂದು 1837ರಲ್ಲಿ ಮ್ಯಾಸಚುಸೆಟ್ಸಿನ ಪಾದ್ರಿಗಳು ಬಹಿರಂಗ ಪತ್ರ ಹೊರಡಿಸಿದಾಗ, ಸಾರಾ ಸ್ತ್ರೀಪುರುಷ ಸಮಾನತೆಯ ಬಗ್ಗೆ ಪತ್ರಮಾಲಿಕೆಯನ್ನೇ ಬರೆದಳು. ಅದು 1838ರಲ್ಲಿ ಪುಸ್ತಕವಾಯಿತು. ಅದರ ತುಂಬ ಇರುವುದು ಬೈಬಲ್. ಗಂಡು ಹೆಣ್ಣು ಇಬ್ಬರನ್ನೂ ದೇವರು ತನ್ನ ಹೋಲಿಕೆಯಲ್ಲಿ ಉಂಟುಮಾಡಿದ ಎಂಬ ಆದಿಕಾಂಡದ ಮಾತಿನಿಂದಲೇ ಆಕೆಯ ವಾದ ಶುರುವಾಗುತ್ತದೆ. ಅಮೆರಿಕದಲ್ಲಿ ಮಹಿಳಾ ಹಕ್ಕುಗಳ ಮೊದಲ ಸಮಾವೇಶ ನಡೆದದ್ದು 1848ರಲ್ಲಿ, ಇದು ಅದಕ್ಕೂ ಹತ್ತು ವರ್ಷ ಮೊದಲು. ಹೊರಗಿನ ಗಾಳಿ ಬೀಸಿ ಧರ್ಮ ಬಾಗಿತು ಎನ್ನುವುದಾದರೆ ಆ ಗಾಳಿ ಹೊರಟದ್ದೇ ಬೈಬಲ್ ಓದುವ ಇಬ್ಬರು ಹೆಂಗಸರಿಂದ. 1973ರಲ್ಲಿ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟಿನ ಮುಂದೆ ವಾದಿಸುವಾಗ ವಕೀಲೆ ರೂತ್ ಬೇಡರ್ ಗಿನ್ಸ್‌ಬರ್ಗ್ ಉಲ್ಲೇಖಿಸಿದ್ದು ಇದೇ ಸಾರಾಳ ಮಾತನ್ನು.

ಓದುವ ಹಕ್ಕಿನ ಜಗಳ ಅಲ್ಲಿಗೆ ಮುಗಿಯಲಿಲ್ಲ. ನಾರ್ತ್ ಕ್ಯಾರೊಲೈನಾದ ರಾಲೆಯಲ್ಲಿ ಗುಲಾಮಳಾಗಿ ಹುಟ್ಟಿದ ಆ್ಯನಾ ಜೂಲಿಯಾ ಕೂಪರ್, ಎಪಿಸ್ಕೋಪಲ್ ಚರ್ಚಿನವರು ಬಿಡುಗಡೆಯಾದ ಕಪ್ಪು ಜನರಿಗಾಗಿ ತೆರೆದ ಸೇಂಟ್ ಆಗಸ್ಟಿನ್ ಶಾಲೆಗೆ ಸೇರಿದಾಗ, ಗ್ರೀಕ್ ತರಗತಿ ಪಾದ್ರಿಗಳಾಗಲಿರುವ ಹುಡುಗರಿಗೆ ಮಾತ್ರ ಮೀಸಲು. ಹೊಸ ಒಡಂಬಡಿಕೆಯ ಮೂಲಭಾಷೆ ಗ್ರೀಕ್. ಅದು ಗೊತ್ತಿಲ್ಲದವರು ಗೊತ್ತಿರುವವರು ಹೇಳಿದ್ದನ್ನು ನಂಬಬೇಕು, ಬೇರೆ ದಾರಿಯಿಲ್ಲ. ಹಟ ಹಿಡಿದು ಆಕೆ ಆ ತರಗತಿಗೆ ಸೇರಿದಳು, ಮುಂದೆ ವಾಷಿಂಗ್ಟನ್ನಿನಲ್ಲಿ ದೊಡ್ಡ ಶಿಕ್ಷಕಿಯಾದಳು, 66ನೆಯ ವಯಸ್ಸಿನಲ್ಲಿ ಪ್ಯಾರಿಸ್ಸಿನ ಸೋರ್ಬಾನಿನಿಂದ ಡಾಕ್ಟರೇಟ್ ಪಡೆದಳು. ವೇದಾಧ್ಯಯನ ಯಾರಿಗೆ ಎಂಬ ಪ್ರಶ್ನೆಯನ್ನು ತಲೆಮಾರುಗಳಿಂದ ಕೇಳಿಕೊಂಡು ಬಂದ ನಮಗೆ ಈ ಗ್ರೀಕ್ ತರಗತಿಯ ಬಾಗಿಲು ಹೊಸದೇನಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಮೃದುವಾದದ್ದು, ಅದಕ್ಕೇ ಹೆಚ್ಚು ಜನರಿಗೆ ಹಿಡಿಸುವಂಥದ್ದು. ದೇವರ ಮುಂದೆ ಇಬ್ಬರೂ ಸಮಾನರೇ, ಪಾತ್ರಗಳು ಮಾತ್ರ ಬೇರೆ. ತಾಯಿಯ ಕೆಲಸ ತಾಯಿಗೆ, ಪೀಠದ ಕೆಲಸ ತಂದೆಗೆ, ಇದರಲ್ಲಿ ಮೇಲುಕೀಳು ಎಲ್ಲಿ ಬಂತು ಎನ್ನುತ್ತಾರೆ. ಬೇರೆ ಬೇರೆ, ಆದರೂ ಸಮ ಎಂಬ ಈ ಸೂತ್ರದ ಒಳಗುಟ್ಟು ಅಮೆರಿಕದ ದಕ್ಷಿಣದವರಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲಾರದು. ಕಪ್ಪು ಮಕ್ಕಳಿಗೆ ಬೇರೆ ಶಾಲೆ, ಬೇರೆ ನಲ್ಲಿ, ಬೇರೆ ಸೀಟು ಇಟ್ಟದ್ದೂ ಇದೇ ಸೂತ್ರದ ಹೆಸರಿನಲ್ಲಿ. ಈ ಎರಡನ್ನೂ ಒಟ್ಟಿಗೆ ಕಂಡವರು ಡರ್ಹಮ್ಮಿನಲ್ಲಿ ಅಜ್ಜ ಅಜ್ಜಿಯ ಮನೆಯಲ್ಲಿ ಬೆಳೆದ ಪೌಲಿ ಮರ್‍ರಿ. 1938ರಲ್ಲಿ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯ ಅವರಿಗೆ ಕಪ್ಪು ಬಣ್ಣದ ಕಾರಣಕ್ಕೆ ಪ್ರವೇಶ ನಿರಾಕರಿಸಿತು. ವಾಷಿಂಗ್ಟನ್ನಿನ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ 1944ರಲ್ಲಿ ತರಗತಿಗೇ ಮೊದಲಿಗರಾದರು. ಮುಂದಿನ ಓದಿಗೆ ಹಾರ್ವರ್ಡ್‌ಗೆ ಅರ್ಜಿ ಹಾಕಿದರೆ, ಹೆಣ್ಣೆಂಬ ಕಾರಣಕ್ಕೆ ಅಲ್ಲೂ ಬಾಗಿಲು ಮುಚ್ಚಿತ್ತು. ಬೇರೆ ಆದರೂ ಸಮ ಎಂಬ ತತ್ವವನ್ನೇ ನೇರವಾಗಿ ಹೊಡೆಯಬೇಕು, ಸೌಕರ್ಯಗಳ ಸಮತೆಗಾಗಿ ಚೌಕಾಸಿ ಮಾಡಬಾರದು ಎಂದು ಅವರು ವಿದ್ಯಾರ್ಥಿಯಾಗಿದ್ದಾಗ ಬರೆದ ಪ್ರಬಂಧವನ್ನು, ಶಾಲೆಗಳಲ್ಲಿನ ವರ್ಣಭೇದ ಕಾನೂನುಬಾಹಿರ ಎಂದ 1954ರ ಬ್ರೌನ್ ತೀರ್ಪಿಗೆ ದಾರಿ ಮಾಡಿದ ವಕೀಲರ ತಂಡದಲ್ಲಿದ್ದ ಅವರ ಪ್ರಾಧ್ಯಾಪಕರು ಬಳಸಿಕೊಂಡರು. ಅದೇ ಮರ್‍ರಿ ಇಳಿವಯಸ್ಸಿನಲ್ಲಿ ವಕೀಲಿ, ಅಧ್ಯಾಪನ ಎಲ್ಲ ಬಿಟ್ಟು ದೇವಶಾಸ್ತ್ರ ಓದಿದರು. ಎಪಿಸ್ಕೋಪಲ್ ಚರ್ಚ್ 1976ರಲ್ಲಿ ಹೆಂಗಸರಿಗೆ ಪಾದ್ರಿ ದೀಕ್ಷೆ ಒಪ್ಪಿತು. 1977ರ ಜನವರಿ 8ರಂದು ವಾಷಿಂಗ್ಟನ್ನಿನ ನ್ಯಾಷನಲ್ ಕೆಥೆಡ್ರಲ್‌ನಲ್ಲಿ ಮರ್‍ರಿ ದೀಕ್ಷೆ ಪಡೆದರು, ಆ ಚರ್ಚಿನಲ್ಲಿ ಪಾದ್ರಿಯಾದ ಮೊದಲ ಕಪ್ಪು ಮಹಿಳೆಯಾದರು. ಅದೇ ಫೆಬ್ರವರಿಯಲ್ಲಿ ಚಾಪೆಲ್ ಹಿಲ್ಲಿನ ಒಂದು ಪುಟ್ಟ ಚರ್ಚಿನಲ್ಲಿ ಮೊದಲ ಸಲ ಪ್ರಭುಭೋಜನದ ಆರಾಧನೆ ನಡೆಸಿದರು. 1854ರಲ್ಲಿ ಅವರ ಅಜ್ಜಿ ಕೊರ್ನೀಲಿಯಾಗೆ, ಒಬ್ಬ ಒಡತಿಗೆ ಸೇರಿದ ಗುಲಾಮ ಮಗುವಾಗಿ, ದೀಕ್ಷಾಸ್ನಾನವಾದದ್ದು ಆ ಚರ್ಚಿನಲ್ಲೇ. ಮೊಮ್ಮಗಳು ಓದಿದ್ದು ಅಜ್ಜಿಯ ಬೈಬಲ್; ಅದನ್ನು ಇಟ್ಟುಕೊಂಡಿದ್ದ ಓದುಪೀಠದ ಮೇಲೆ ಕೆತ್ತಿದ್ದು ಆ ಒಡತಿಯ ಹೆಸರು. ಧರ್ಮ ಬಿಟ್ಟರೆ ಮಾತ್ರ ಸಮಾನತೆ ಎನ್ನುವವರು ಮರ್‍ರಿಯವರಿಗೆ ಏನು ಹೇಳುತ್ತಾರೋ ನನಗೆ ತಿಳಿಯದು.

ಪಾತ್ರಭೇದದ ವಾದಕ್ಕೆ ವ್ಯವಹಾರದಲ್ಲಿ ಇನ್ನೊಂದು ಪರೀಕ್ಷೆ ಇದೆ: ಪೀಠದಲ್ಲಿ ಗಂಡಸರೇ ಇರುವಾಗ ಹೆಂಗಸರ ದೂರು ಯಾರಿಗೆ ಕೇಳಿಸುತ್ತದೆ? 2022ರ ಮೇ ತಿಂಗಳಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಒಕ್ಕೂಟವೇ ಮಾಡಿಸಿದ ಸ್ವತಂತ್ರ ತನಿಖೆಯ ವರದಿ ಹೊರಬಂತು. ಪಾದ್ರಿಗಳ ಲೈಂಗಿಕ ದೌರ್ಜನ್ಯದ ದೂರು ಹೊತ್ತು ಬಂದವರನ್ನು ಕಾರ್ಯಕಾರಿ ಸಮಿತಿಯ ಮುಖಂಡರು ಸುಮಾರು ಎರಡು ದಶಕ ಕಡೆಗಣಿಸಿದ್ದರು, ಆರೋಪಿತರ 700ಕ್ಕೂ ಹೆಚ್ಚು ಹೆಸರುಗಳ ಪಟ್ಟಿ ಕಚೇರಿಯಲ್ಲಿ ಗುಟ್ಟಾಗಿ ಕೂತಿತ್ತು. ಸಾರ್ವಜನಿಕ ಪಟ್ಟಿ ಏಕೆ ಮಾಡಲಿಲ್ಲ ಎಂದರೆ, ನಮ್ಮಲ್ಲಿ ಪ್ರತಿ ಚರ್ಚೂ ಸ್ವತಂತ್ರ, ನಾವು ಕೈಹಾಕುವಂತಿಲ್ಲ ಎಂಬುದು ವರ್ಷಗಟ್ಟಲೆ ಕೊಟ್ಟ ಉತ್ತರ. ಆ ಸ್ವಾತಂತ್ರ್ಯ ಅಲೆಕ್ಸಾಂಡ್ರಿಯಾದ ಚರ್ಚಿಗೆ ಮಾತ್ರ ಇರಲಿಲ್ಲ. ಹೆಂಗಸರು ಅಧಿಕಾರದಲ್ಲಿದ್ದ ಮಾತ್ರಕ್ಕೆ ದೌರ್ಜನ್ಯ ನಿಂತುಬಿಡುತ್ತಿತ್ತು ಎಂದು ನಾನು ಹೇಳಲಾರೆ. ಆದರೆ ದೂರು ಕೇಳುವ ಕುರ್ಚಿ, ನಿಯಮ ಬರೆಯುವ ಲೇಖನಿ, ಶಿಕ್ಷೆ ವಿಧಿಸುವ ಮತ ಎಲ್ಲ ಬಹುಪಾಲು ಒಂದೇ ಕಡೆ ಇದ್ದಾಗ ಪಾತ್ರ ಬೇರೆ, ಬೆಲೆ ಒಂದೇ ಎಂಬ ಮಾತಿಗೆ ಅರ್ಥ ಉಳಿಯುವುದಿಲ್ಲ. ಜಾರ್ಜಿಯಾದವರೇ ಆದ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಇದನ್ನು ಮೊದಲೇ ಕಂಡಿದ್ದರು. ಜೀವಮಾನವಿಡೀ ಭಾನುವಾರದ ಬೈಬಲ್ ಪಾಠ ಹೇಳಿದ ಆ ಮನುಷ್ಯ 2000ದಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಒಕ್ಕೂಟದೊಂದಿಗಿನ ನಂಟು ಕಡಿದುಕೊಂಡರು. ಬ್ಯಾಪ್ಟಿಸ್ಟ್ ನಂಬಿಕೆಯನ್ನಾಗಲೀ ಪ್ಲೇನ್ಸ್ ಎಂಬ ತಮ್ಮ ಊರಿನ ಚರ್ಚನ್ನಾಗಲೀ ಬಿಡಲಿಲ್ಲ. ಅಧ್ಯಕ್ಷರಾಗಿದ್ದಾಗ ಅವರು ಹೋಗುತ್ತಿದ್ದ ವಾಷಿಂಗ್ಟನ್ನಿನ ಫಸ್ಟ್ ಬ್ಯಾಪ್ಟಿಸ್ಟ್ ಚರ್ಚಿಗೆ 2016ರಲ್ಲಿ ಮುಖ್ಯ ಪಾಸ್ಟರ್ ಆಗಿ ಬಂದವರು ಜೂಲಿ ಪೆನಿಂಗ್ಟನ್ ರಸೆಲ್. ಅದಕ್ಕೆ ಮೊದಲು ಅಟ್ಲಾಂಟಾ ಪಕ್ಕದ ಡಿಕೇಟರಿನ ಚರ್ಚಿಗೆ ಅವರು ಮುಖ್ಯಸ್ಥರಾಗಿದ್ದಾಗ, ಆ ಕಾರಣಕ್ಕೇ 2009ರಲ್ಲಿ ಜಾರ್ಜಿಯಾದ ಬ್ಯಾಪ್ಟಿಸ್ಟ್ ಸಂಘ ಆ ಚರ್ಚನ್ನು ದೂರ ಮಾಡಿತ್ತು.

ಇನ್ನೊಂದು ದಿಕ್ಕಿನಿಂದಲೂ ಆಕ್ಷೇಪ ಬರುತ್ತದೆ. ಇಷ್ಟೆಲ್ಲ ಕಷ್ಟಪಟ್ಟು ಒಳಗೇ ಏಕೆ ಇರಬೇಕು, ಹೆಣ್ಣನ್ನು ಪಾಪದ ಮೂಲ ಎಂದ ಮನೆಯಿಂದ ಎದ್ದು ಬರಬಾರದೇ ಎಂದು. ಮಹಿಳಾ ಹಕ್ಕುಗಳ ಮುಂದಾಳು ಎಲಿಜಬೆತ್ ಕೇಡಿ ಸ್ಟ್ಯಾಂಟನ್ 1895ರಲ್ಲಿ ಬೈಬಲಿನ ಸ್ತ್ರೀವಿರೋಧವನ್ನು ಸಾಲುಸಾಲಾಗಿ ಟೀಕಿಸುವ ಗ್ರಂಥ ತಂದಾಗ ಇದೇ ಚರ್ಚೆಯಾಯಿತು. ಮುಂದಿನ ಜನವರಿಯಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಮತದಾನ ಹಕ್ಕಿನ ಹೋರಾಟಗಾರ್ತಿಯರೇ 53-41 ಮತಗಳಿಂದ ಆ ಪುಸ್ತಕಕ್ಕೂ ತಮಗೂ ಸಂಬಂಧವಿಲ್ಲ ಎಂದರು. ಸ್ಟ್ಯಾಂಟನ್ ಕೇಳಿದ ಪ್ರಶ್ನೆಗಳು ಸರಿಯಾಗಿದ್ದವು, ಅವರನ್ನು ಕೈಬಿಟ್ಟದ್ದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಬಿಟ್ಟು ಹೋಗುವ ಹಕ್ಕು ಎಲ್ಲರಿಗೂ ಇದೆ, ಹೋದವರ ಮೇಲೆ ಯಾರೂ ಬೆರಳು ತೋರಿಸಬಾರದು. ಆದರೆ ಬಿಡುವುದೇ ಪರಿಹಾರ ಎಂದರೆ ಚರ್ಚುಗಳಲ್ಲಿ, ದೇವಸ್ಥಾನಗಳಲ್ಲಿ, ಮಸೀದಿಗಳಲ್ಲಿ ಉಳಿದ ಕೋಟ್ಯಂತರ ಹೆಂಗಸರನ್ನು ಹಳೆಯ ಒಡೆಯರ ಕೈಗೇ ಒಪ್ಪಿಸಿ ಬಂದಂತಾಗುತ್ತದೆ. ಅಮೆರಿಕದ ಚರ್ಚುಗಳಲ್ಲಿ ಗಂಡಸರಿಗಿಂತ ಹೆಂಗಸರ ಸಂಖ್ಯೆಯೇ ಹೆಚ್ಚು. ವಾಷಿಂಗ್ಟನ್ ಪಕ್ಕದ ಬೆಥೆಸ್ಡಾದಲ್ಲಿ ಹುಟ್ಟಿ ಇಸ್ಲಾಂ ಸ್ವೀಕರಿಸಿದ ಆಮಿನಾ ವದೂದ್ ಹೆಣ್ಣಿನ ದೃಷ್ಟಿಯಿಂದ ಕುರಾನ್ ಓದುವ ಪುಸ್ತಕವನ್ನು 1992ರಲ್ಲಿ ತಂದರು, 2005ರಲ್ಲಿ ನ್ಯೂಯಾರ್ಕಿನಲ್ಲಿ ಗಂಡು ಹೆಣ್ಣು ಕೂಡಿದ ಶುಕ್ರವಾರದ ನಮಾಜಿಗೆ ಇಮಾಮರಾಗಿ ನಿಂತರು. ಅವರನ್ನು ಖಂಡಿಸಿದವರು ಬಹಳ. ಆದರೆ ಅವರ ಓದನ್ನು ಇಲ್ಲವೆನ್ನಲು ಇನ್ನು ಸಾಧ್ಯವಿಲ್ಲ.

ಸರ್ಕಾರ, ಕೋರ್ಟು ಇದನ್ನು ಬಗೆಹರಿಸಲಿ ಎಂದರೆ ಅಮೆರಿಕದಲ್ಲಿ ಆ ದಾರಿ ಮುಚ್ಚಿದೆ. ಚರ್ಚ್ ತನ್ನ ಬೋಧಕರನ್ನು ಆರಿಸಿಕೊಳ್ಳುವುದರಲ್ಲಿ ಉದ್ಯೋಗ ತಾರತಮ್ಯದ ಕಾನೂನು ಅನ್ವಯಿಸದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2012ರಲ್ಲಿ ಒಮ್ಮತದಿಂದ ಹೇಳಿತು. ನಮ್ಮ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನಲ್ಲಿ ಶಬರಿಮಲೆಯ ಬಾಗಿಲು ಎಲ್ಲ ವಯಸ್ಸಿನ ಹೆಂಗಸರಿಗೆ ತೆರೆಯಬೇಕೆಂದು 4-1ರ ಬಹುಮತದಲ್ಲಿ ತೀರ್ಪು ಕೊಟ್ಟಿತು. ಮರುಜನವರಿಯಲ್ಲಿ ಇಬ್ಬರು ಹೆಂಗಸರು ಪೊಲೀಸ್ ಕಾವಲಿನಲ್ಲಿ ಹೋಗಿ ಬಂದ ಮೇಲೆ ಗುಡಿಗೆ ಶುದ್ಧೀಕರಣ ನಡೆಯಿತು. ತೀರ್ಪು ನ್ಯಾಯವೇ, ಆದರೆ ಮೈಲಿಗೆ ಯಾವುದೆಂದು ಹೇಳುವ ಬಾಯಿ ಬದಲಾಗದಿದ್ದರೆ ಬಾಗಿಲು ತೆರೆದೂ ಮುಚ್ಚಿದಂತೆಯೇ.

ಕನ್ನಡದ ಶರಣರು ಆ ಬಾಯಿಯನ್ನೇ ಬದಲಿಸಲು ಹೊರಟವರು. ಹನ್ನೆರಡನೆಯ ಶತಮಾನದಲ್ಲಿ ಹೆಣ್ಣಿಗೂ ಗಂಡಿಗೂ ಒಂದೇ ಇಷ್ಟಲಿಂಗ, ಒಂದೇ ದೀಕ್ಷೆ ಎಂದರು; ಜಾತಿ, ಹುಟ್ಟು, ಸಾವು, ಎಂಜಲು, ಮುಟ್ಟು ಎಂಬ ಐದು ಸೂತಕಗಳನ್ನೂ ಅಲ್ಲಗಳೆದರು. ಅಕ್ಕಮಹಾದೇವಿಯಿಂದ ಹಿಡಿದು ಕಾಯಕದ ಹೆಂಗಸರವರೆಗೆ ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರು ದೇವರ ಬಗ್ಗೆ ತಾವೇ ಮಾತನಾಡಿದರು. ಸಿದ್ಧಾಂತದಲ್ಲಿ ಇಷ್ಟು ಸಮಾನತೆ ಇರುವ ಧರ್ಮ ಲೋಕದಲ್ಲಿ ಅಪರೂಪ. ಆದರೂ ಮಠಗಳ ಪೀಠಗಳಲ್ಲಿ ಶತಮಾನಗಟ್ಟಲೆ ಗಂಡಸರೇ ಕೂತರು. ಮಾತೆ ಮಹಾದೇವಿ ಧಾರವಾಡದಲ್ಲಿ ಜಗದ್ಗುರು ಪೀಠವೇರಲು 1970 ಬರಬೇಕಾಯಿತು, ಅದಕ್ಕೂ ವಿರೋಧ ಕಡಿಮೆಯಿರಲಿಲ್ಲ. ಎಫೆಸದ ಪತ್ರಿಕೆಯಂಥ ಅಡ್ಡಿಯೇ ಇಲ್ಲದ ಕಡೆಯೂ ಪೀಠ ಹಂಚಿಹೋಗಲಿಲ್ಲ ಎಂದರೆ, ಗ್ರಂಥವೊಂದನ್ನೇ ದೂರುವುದು ಹೇಗೆ ಸರಿ? ಇದಕ್ಕೆ ವಿರುದ್ಧವಾಗಿ, ಮಂಗಳೂರಿನ ಕುದ್ರೋಳಿ ಗೋಕರ್ಣನಾಥೇಶ್ವರ ದೇವಸ್ಥಾನ 2013ರ ನವರಾತ್ರಿಯ ಹೊತ್ತಿಗೆ ಇಬ್ಬರು ವಿಧವೆಯರಿಗೆ ಪೂಜಾವಿಧಿ ಕಲಿಸಿ ಅರ್ಚಕರನ್ನಾಗಿ ಮಾಡಿತು. ಯಾವ ಕೋರ್ಟೂ ಹೇಳಿರಲಿಲ್ಲ, ಆಡಳಿತದವರು ನಿರ್ಧರಿಸಿದರು, ಆಯಿತು.

ಅಮೆರಿಕದ ಕನ್ನಡಿಗರ ಮಟ್ಟಿಗೆ ಈ ಕುದ್ರೋಳಿಯ ಉದಾಹರಣೆಯೇ ಹೆಚ್ಚು ಹತ್ತಿರದ್ದು. ವಾಷಿಂಗ್ಟನ್ ಬಳಿಯ ಲ್ಯಾನಮ್ಮಿನ ಶಿವ ವಿಷ್ಣು ದೇವಸ್ಥಾನ, ಅಟ್ಲಾಂಟಾ ಬಳಿಯ ರಿವರ್‌ಡೇಲಿನ ಹಿಂದೂ ದೇವಸ್ಥಾನ, ನಾರ್ತ್ ಕ್ಯಾರೊಲೈನಾದ ಕೇರಿಯ ವೆಂಕಟೇಶ್ವರ ದೇವಸ್ಥಾನ ಇವೆಲ್ಲ ರಾಜರು ಕಟ್ಟಿಸಿ ಉಂಬಳಿ ಬಿಟ್ಟ ಗುಡಿಗಳಲ್ಲ. ವಲಸೆ ಬಂದ ಭಕ್ತರು ಚಂದಾ ಎತ್ತಿ, ಸಂಘ ನೋಂದಾಯಿಸಿ, ನಿಯಮಾವಳಿ ತಾವೇ ಬರೆದು ಕಟ್ಟಿದವು. ಇಂಥ ಕಡೆ ಅಡುಗೆಮನೆ, ಮಕ್ಕಳ ಶ್ಲೋಕದ ತರಗತಿ, ಹಬ್ಬದ ಏರ್ಪಾಡು ಬಹುಪಾಲು ಹೆಂಗಸರ ಹೆಗಲ ಮೇಲೆ. ಗರ್ಭಗುಡಿಯ ಹೊಸ್ತಿಲು ಮಾತ್ರ ಊರಿನಿಂದ ಇದ್ದ ಹಾಗೇ ಬಂದಿದೆ. ವಾರವಾರ ಮಕ್ಕಳಿಗೆ ಪುರುಷಸೂಕ್ತ ಕಲಿಸುವ ತಾಯಿ ಅದನ್ನೇ ಅಭಿಷೇಕದ ಹೊತ್ತಿಗೆ ಒಳಗೆ ನಿಂತು ಹೇಳಬಾರದು ಎನ್ನಲು ಯಾವ ಆಗಮದ ಯಾವ ಶ್ಲೋಕ ಆಧಾರ, ಅದನ್ನು ಹಾಗೆಂದು ಅರ್ಥೈಸಿದವರು ಯಾರು ಎಂದು ಟ್ರಸ್ಟಿಗಳನ್ನು ಕೇಳಲು ಸುಪ್ರೀಂ ಕೋರ್ಟ್ ಬೇಕಿಲ್ಲ. ವಾರ್ಷಿಕ ಸಭೆಯ ನೋಟಿಸು ಬಂದಾಗ ಆ ಪ್ರಶ್ನೆಯನ್ನು ಕಾರ್ಯಸೂಚಿಗೆ ಬರೆದುಕೊಡಲು ಒಬ್ಬ ಸದಸ್ಯೆ, ಅದನ್ನು ಅನುಮೋದಿಸಲು ಇನ್ನೊಬ್ಬ ಸದಸ್ಯ ಮುಂದೆ ಬಂದರೆ ಸಾಕು.